ತೋರಣಾ ಬುಡದಲ್ಲಿ ಮಿಕ್ಸಿ, ಮಾವನಿಗೆ ಸಿಪ್ಯಾಪ್: ನಮ್ಮ 600 ವ್ಯಾಟ್ ಇನ್ವರ್ಟರ್ ಹೇಗಿದೆ

ಕರೆಂಟಿಲ್ಲದ ಕಡೆ ಟೆಂಟ್ ಹಾಕುವವರಿಗೆ, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನ ಹಾಗೆ ಮಾಡಿಕೊಡುವ ಇನ್ವರ್ಟರ್ ಬೇಕಾ ಅಂತ ಕೇಳಿದರೆ, ಬೇಕು ಅಂತಲೇ ಹೇಳುತ್ತೇನೆ. ಆದರೆ ಕಾಯಿಸುವ ಕೆಲಸಕ್ಕೆ ಮಾತ್ರ ಅದನ್ನು ಹಚ್ಚಬೇಡಿ. ಲೈಟು, ಸಣ್ಣ ಫ್ಯಾನು, ಲ್ಯಾಪ್‌ಟಾಪ್, ಎರಡು ನಿಮಿಷ ಮಿಕ್ಸಿ, ರಾತ್ರಿಯಿಡೀ ಸಿಪ್ಯಾಪ್ ಮಷಿನ್, ಇಷ್ಟಕ್ಕೆ ಅದು ಬಂಗಾರದಂಥ ವಸ್ತು. ಇಂಡಕ್ಷನ್, ಕೆಟಲ್, ನೀರು ಕಾಯಿಸುವ ರಾಡ್ ಅಂದುಕೊಂಡು ಹೋದರೆ ದುಡ್ಡು ದಂಡ.

ನಮ್ಮ ಮನೆಗೆ ಇದು ಬಂದಿದ್ದೇ ಮಾವನಿಗಾಗಿ. ಅವರಿಗೆ ಸ್ಲೀಪ್ ಆಪ್ನಿಯಾ ಇದೆ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ. ಮಾಸ್ಕ್ ಮೂಲಕ ಗಾಳಿ ಊದುವ ಸಿಪ್ಯಾಪ್ ಮಷಿನ್ ಇಲ್ಲದೆ ಮಲಗುವ ಹಾಗಿಲ್ಲ. ನಾವೆಲ್ಲ ಚಳಿಗಾಲದಲ್ಲಿ ವೆಲ್ಹೆ ಕಡೆ, ತೋರಣಾ ಕೋಟೆಯ ಬುಡದಲ್ಲಿ, ಪರಿಚಯದ ರೈತರೊಬ್ಬರ ಹೊಲದಲ್ಲಿ ಟೆಂಟ್ ಹಾಕಲು ಹೊರಟರೆ ಅವರೊಬ್ಬರು ಪುಣೆಯ ಮನೆಯಲ್ಲೇ ಉಳಿಯುತ್ತಿದ್ದರು. ಸುತ್ತಲಿನ ಕೋಟೆಗಳ ಹೆಸರೆಲ್ಲ ಬಾಯಿಪಾಠ ಇರುವ ಮನುಷ್ಯ, ಅವರನ್ನು ಬಿಟ್ಟು ಹೋಗೋದು ಯಾರಿಗೂ ಇಷ್ಟವಿರಲಿಲ್ಲ. ಪವನಾ ಡ್ಯಾಮ್ ಹತ್ತಿರದ ಎಷ್ಟೋ ಕ್ಯಾಂಪ್‌ಗಳಲ್ಲಿ ಕರೆಂಟ್ ಇರುತ್ತದೆ, ಆದರೆ ಶನಿವಾರ ಅಲ್ಲಿನ ಗದ್ದಲದಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ.

ಕೊಂಡಿದ್ದು ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ. ಪುಣೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿಗೆ ನಾನು ಬೇರೆ ಕಡೆ ಹೋಗೋದೇ ಇಲ್ಲ. ವೈರು, ಲಗ್ಗು (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ), ಫ್ಯೂಸು, ಚಾರ್ಜರು ಎಲ್ಲ ಅಲ್ಲೇ ಅಕ್ಕಪಕ್ಕದಲ್ಲಿ ಸಿಗುತ್ತವೆ. ಕಾರ್ ತಗೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಹುಡುಕಿಯೇ ಸುಸ್ತಾಗುತ್ತದೆ. ಮಂಡಈ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡೆದುಬಿಡಿ. ಅಂಗಡಿಯವರು ಮೊದಲು ತೋರಿಸಿದ್ದು 1000 ವ್ಯಾಟ್‌ನ ಮಾಡಿಫೈಡ್ ಸೈನ್ ಡಬ್ಬಿ, ಅಂದರೆ ಮನೆಯ ಕರೆಂಟಿನ ನಯವಾದ ಅಲೆಯ ಬದಲು ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವಂಥದ್ದು. "ತಾಈ, ಪವರ್ ಜಾಸ್ತಿ, ರೇಟ್ ಕಡಿಮೆ" ಅಂದರು. ನಾನು ಬೇಡ ಅಂದೆ. ಬಲ್ಬು, ಮೊಬೈಲ್ ಚಾರ್ಜರಿಗೆ ಆ ಥರದ್ದು ನಡೆಯುತ್ತದೆ. ಮೋಟಾರ್ ಇರುವ ವಸ್ತು ಹಾಕಿದರೆ ಗುಂಯ್ ಅನ್ನುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ವೈದ್ಯಕೀಯ ಮಷಿನ್ ವಿಷಯದಲ್ಲಂತೂ ರಿಸ್ಕ್ ಬೇಡವೇ ಬೇಡ. ಮನೆಗೆ ಬರುವ 230 ವೋಲ್ಟ್, 50 ಹರ್ಟ್ಜ್ ಕರೆಂಟಿನ ಹಾಗೆಯೇ ಕೊಡುವುದು ಪ್ಯೂರ್ ಸೈನ್ ಇನ್ವರ್ಟರ್, ನಾವು ತಗೊಂಡಿದ್ದು ಅದರಲ್ಲಿ 600 ವ್ಯಾಟ್‌ನದ್ದು. ₹6,500 ಆಯಿತು. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಮುಂದೆ ಒಂದೆರಡು ದೂರೂ ಇವೆ.

ಇನ್ವರ್ಟರ್‌ಗಿಂತ ಮುಖ್ಯವಾದದ್ದು ಬ್ಯಾಟರಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಇನ್ವರ್ಟರ್ ಅನ್ನೋದು ನಲ್ಲಿ ಇದ್ದ ಹಾಗೆ, ನೀರಿರೋದು ಟ್ಯಾಂಕಿನಲ್ಲಿ. ತುಂಬಾ ಜನ ಕಾರಿನ ಬ್ಯಾಟರಿಗೇ ಕ್ಲಿಪ್ ಹಾಕಿಬಿಡುತ್ತಾರೆ. ಸಣ್ಣ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35ರಿಂದ 45 ಎಎಚ್ (ಆಂಪ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಇರುತ್ತದೆ. ಅದನ್ನು ಮಾಡಿರೋದು ಎಂಜಿನ್ ಸ್ಟಾರ್ಟ್ ಮಾಡುವ ಒಂದು ಕ್ಷಣಕ್ಕೆ, ರಾತ್ರಿಯಿಡೀ ನಿಧಾನವಾಗಿ ಹಿಂಡೋದಕ್ಕಲ್ಲ. ಸಿಪ್ಯಾಪ್ ಸರಾಸರಿ 40 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ, ಎಂಟು ಗಂಟೆಗೆ 320 ವ್ಯಾಟ್ ಅವರ್. ಇನ್ವರ್ಟರ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ ಹೋಗೋದು ಸುಮಾರು 370, ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ 30 ಎಎಚ್‌ಗೂ ಜಾಸ್ತಿ. ಬೆಳಿಗ್ಗೆ ಕಾರ್ ಸ್ಟಾರ್ಟ್ ಆಗೋದಿಲ್ಲ. ವೆಲ್ಹೆಯಿಂದ ಆಚೆ ಆ ಹೊತ್ತಿಗೆ ಯಾರನ್ನು ಹುಡುಕೋದು?

ಮನೆಯ ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿಯೂ ಆಗೋದಿಲ್ಲ. ಐವತ್ತು ಕೆಜಿ ದಾಟುತ್ತದೆ, ಒಳಗೆ ಆಸಿಡ್ ಇರುತ್ತದೆ, ಘಾಟ್ ರಸ್ತೆಯ ತಿರುವಿನಲ್ಲಿ ವಾಲಿದರೆ ಡಿಕ್ಕಿ ಹಾಳು. ಹಾಗಾಗಿ ನಾವು ಇನ್ವರ್ಟರ್‌ಗಿಂತ ನಾಲ್ಕು ಪಟ್ಟು ದುಡ್ಡು ಕೊಟ್ಟು 12.8 ವೋಲ್ಟ್, 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಗೊಂಡೆವು. 1280 ವ್ಯಾಟ್ ಅವರ್. ಒಬ್ಬರೇ ಎತ್ತಬಹುದು. ಎರಡು ರಾತ್ರಿಯ ಸಿಪ್ಯಾಪ್, ಲೈಟು, ಫೋನು, ಮಿಕ್ಸಿ ಎಲ್ಲ ಆಗಿಯೂ ಸ್ವಲ್ಪ ಉಳಿಯುತ್ತದೆ. ಚಾರ್ಜರ್ ಮಾತ್ರ ಲಿಥಿಯಂಗೆ ಅಂತಲೇ ಇರುವುದನ್ನು ಕೇಳಿ ತಗೊಳ್ಳಿ. ನಮ್ಮದು 10 ಆಂಪ್‌ನದ್ದು, ಹೊರಡುವ ಹಿಂದಿನ ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆಗೆ ತುಂಬಿರುತ್ತದೆ.

ಈಗ ಮಿಕ್ಸಿ ವಿಷಯ. ಇಡ್ಲಿ ಹಿಟ್ಟು ಮನೆಯಿಂದ ಒಯ್ದಿದ್ದೆವು, ಕಾಯಿ ಚಟ್ನಿ ಅಲ್ಲೇ ತಾಜಾ ಮಾಡೋಣ ಅಂತ ಅತ್ತೆಯ ಆಸೆ. ನಮ್ಮ ಮಿಕ್ಸಿ 500 ವ್ಯಾಟ್‌ನದ್ದು, ಆದರೆ ಮೋಟಾರ್ ಶುರುವಾಗುವ ಆ ಒಂದು ಕ್ಷಣಕ್ಕೆ ಎರಡು ಮೂರು ಪಟ್ಟು ಎಳೆಯುತ್ತದೆ. ಇನ್ವರ್ಟರಿನ ಡಬ್ಬದ ಮೇಲೆ ಸರ್ಜ್, ಅಂದರೆ ಒಂದು ಕ್ಷಣಕ್ಕೆ ತಡೆಯುವ ಪವರ್, 1200 ವ್ಯಾಟ್ ಅಂತ ಬರೆದಿತ್ತು. ಜಾರ್ ಅರ್ಧಕ್ಕಿಂತ ಕಡಿಮೆ ತುಂಬಿ, ಒಂದನೇ ಸ್ಪೀಡಿನಲ್ಲೇ ಶುರು ಮಾಡಿದೆ. ಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ 13.2ರಿಂದ 12.9ಕ್ಕೆ ಇಳಿಯಿತು, ಇನ್ವರ್ಟರಿನ ಫ್ಯಾನ್ ಭರ್ರ್ ಅಂತ ಎದ್ದಿತು, ಮಿಕ್ಸಿ ಮನೆಯಲ್ಲಿ ತಿರುಗಿದ ಹಾಗೆಯೇ ತಿರುಗಿತು. ಚಟ್ನಿ ನುಣ್ಣಗೆ ಬಂತು. ಎರಡು ನಿಮಿಷಕ್ಕೆ ಖರ್ಚಾಗಿದ್ದು ಹೆಚ್ಚೆಂದರೆ 20 ವ್ಯಾಟ್ ಅವರ್.

ಅದೇ ಒಂದು ಲೀಟರ್ ಚಹಾ ನೀರು ಕೆಟಲ್‌ನಲ್ಲಿ ಕುದಿಸಿದರೆ 100ಕ್ಕೂ ಜಾಸ್ತಿ ಹೋಗುತ್ತದೆ. ಸ್ನಾನಕ್ಕೆ 15 ಲೀಟರ್ ಬೆಚ್ಚಗೆ ಮಾಡಿದರೆ ಸುಮಾರು 500, ಬ್ಯಾಟರಿಯ ಮೂರನೇ ಒಂದು ಭಾಗಕ್ಕೂ ಜಾಸ್ತಿ! ಎರಡು ಸಾವಿರ ವ್ಯಾಟ್‌ನ ಇನ್ವರ್ಟರ್ ತಂದರೂ ಈ ಲೆಕ್ಕ ಬದಲಾಗೋದಿಲ್ಲ, ಬ್ಯಾಟರಿ ಬೇಗ ಖಾಲಿಯಾಗುತ್ತದೆ ಅಷ್ಟೇ. ಸಣ್ಣ ಗ್ಯಾಸ್ ಸಿಲಿಂಡರ್ ಒಲೆ ಒಯ್ಯಿರಿ. ಚಹಾಕ್ಕೆ, ಇಡ್ಲಿಗೆ, ಅನ್ನಕ್ಕೆ ಅದೇ ಸರಿ.

ಸಿಪ್ಯಾಪ್ ಬಗ್ಗೆ ಕೇಳುವವರು ಇರುತ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆ ಮಷಿನ್ನಿನಲ್ಲಿ ಗಾಳಿ ಊದುವುದಕ್ಕಿಂತ ಜಾಸ್ತಿ ಕರೆಂಟ್ ತಿನ್ನೋದು ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಮತ್ತು ಬಿಸಿ ಮಾಡುವ ಟ್ಯೂಬ್. ಅವೆರಡನ್ನೂ ಆಫ್ ಮಾಡಿದರೆ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹಾಗೆ ಮಾಡಬಹುದಾ ಅಂತ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಮನೆಯಲ್ಲೇ ಒಂದು ರಾತ್ರಿ ಬ್ಯಾಟರಿಯ ಮೇಲೆ ಓಡಿಸಿ ನೋಡಿ. ಮಾವ ಹಾಗೆಯೇ ಮಾಡಿದರು, ಮೂಗು ಸ್ವಲ್ಪ ಒಣಗಿತು ಅಂದರು, ಬೇರೆ ತೊಂದರೆ ಇರಲಿಲ್ಲ. ಟೆಂಟಿನಲ್ಲಿ ಮಲಗಿ ಬೆಳಿಗ್ಗೆ ಎದ್ದು, "ಒಂದು ಸಲವೂ ನಿಲ್ಲಲಿಲ್ಲಮ್ಮ, ಮನೆಗಿಂತ ಚೆನ್ನಾಗಿ ನಿದ್ದೆ ಬಂತು" ಅಂದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ ಕೊಟ್ಟ ದುಡ್ಡೆಲ್ಲ ಅಲ್ಲೇ ವಸೂಲಾಯಿತು. ಇನ್ನೊಂದು ಮಾತು: ಕೆಲವು ಮಷಿನ್‌ಗಳಿಗೆ ನೇರವಾಗಿ 12 ವೋಲ್ಟ್‌ನಲ್ಲಿ ಓಡುವ ಕನ್ವರ್ಟರ್ ಸಿಗುತ್ತದೆ. ಬರೀ ಸಿಪ್ಯಾಪ್‌ಗಾದರೆ ಅದೇ ಉತ್ತಮ, ಸುಮ್ನೆ 12ನ್ನು 230 ಮಾಡಿ ಮತ್ತೆ ಇಳಿಸುವ ನಷ್ಟ ತಪ್ಪುತ್ತದೆ. ನಮಗೆ ಮಿಕ್ಸಿಯೂ ಬೇಕಿತ್ತು, ನನ್ನ ಯಜಮಾನರ ಲ್ಯಾಪ್‌ಟಾಪೂ ಇತ್ತು, ಅದಕ್ಕೇ ಇನ್ವರ್ಟರ್.

ಇನ್ನು ದೂರುಗಳು. ಮೊದಲನೆಯದು ಜೊತೆಗೆ ಕೊಟ್ಟ ವೈರು. 600 ವ್ಯಾಟ್ ಪೂರ್ತಿ ಎಳೆದರೆ 12 ವೋಲ್ಟ್ ಕಡೆ 50 ಆಂಪ್‌ಗೂ ಜಾಸ್ತಿ ಹರಿಯುತ್ತದೆ. ಅದಕ್ಕೆ ಇವರು ಕೊಟ್ಟಿರುವ ತೆಳ್ಳನೆ ವೈರು, ಕಚ್ಚುವ ಕ್ಲಿಪ್ಪು ಏನೇನೂ ಸಾಲದು. ಮನೆಯಲ್ಲಿ ಪರೀಕ್ಷೆ ಮಾಡುವಾಗಲೇ ಕ್ಲಿಪ್ಪು ಮುಟ್ಟಲಾಗದಷ್ಟು ಬಿಸಿಯಾಯಿತು. ಅದೇ ಗಲ್ಲಿಗೆ ಹೋಗಿ 16 ಚದರ ಮಿಲಿಮೀಟರ್‌ನ ವೆಲ್ಡಿಂಗ್ ಕೇಬಲ್ ಕತ್ತರಿಸಿಕೊಂಡು, ತಾಮ್ರದ ಲಗ್ಗು ಪ್ರೆಸ್ ಮಾಡಿಸಿ, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 80 ಆಂಪ್ ಫ್ಯೂಸ್ ಹಾಕಿಸಿದೆವು. ಫ್ಯೂಸ್ ಬಿಡಲೇಬೇಡಿ. ಎಲ್ಲಾದರೂ ವೈರ್ ಉಜ್ಜಿ ಶಾರ್ಟ್ ಆದರೆ ಬ್ಯಾಟರಿಯಿಂದ ನುಗ್ಗುವ ಕರೆಂಟಿಗೆ ಕಾರಿಗೇ ಬೆಂಕಿ ಬೀಳಬಹುದು. ಇನ್ನು ಕಾರಿನ ಲೈಟರ್ ಸಾಕೆಟ್‌ಗೆ ಹಾಕುವ ವೈರನ್ನೂ ಇವರು ಕೊಟ್ಟಿದ್ದಾರೆ! ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪ್, ಅಂದರೆ 120ರಿಂದ 180 ವ್ಯಾಟ್. ಅಷ್ಟಕ್ಕಿಂತ ಜಾಸ್ತಿ ಅಲ್ಲಿಂದ ಎಳೆಯಬಾರದು ಅಂತ ಡಬ್ಬದ ಮೇಲೆ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಸಾಕೆಟ್ ಸಡಿಲ. ಎಲ್ಲ ದೇಶದ ಪ್ಲಗ್ಗೂ ಹಿಡಿಯಲಿ ಅಂತ ಮಾಡಿರುವ ನಮೂನೆ ಅದು, ನಮ್ಮ ಮೂರು ಪಿನ್ನಿನ ಪ್ಲಗ್ ಜೋತು ಬೀಳುತ್ತದೆ. ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಒಂದನ್ನು ಗಟ್ಟಿಯಾಗಿ ಸಿಕ್ಕಿಸಿ ಉಳಿದದ್ದೆಲ್ಲ ಅದರಲ್ಲಿ ಹಾಕುತ್ತೇವೆ. ಬೋರ್ಡ್ ನೆಲದ ಮೇಲೆ ಇಡಬೇಡಿ. ರಾತ್ರಿ ಮಂಜು ಬಿದ್ದು ಹುಲ್ಲೆಲ್ಲ ಒದ್ದೆಯಾಗುತ್ತದೆ, ಅಲ್ಲಿ ಹರಿಯುವುದು ಮನೆಯಲ್ಲಿರುವ 230 ವೋಲ್ಟೇ, ಶಾಕ್ ಹೊಡೆದರೆ ಅಷ್ಟೇ ಅಪಾಯ. ಇನ್ವರ್ಟರ್, ಬ್ಯಾಟರಿ ಎರಡನ್ನೂ ಡಿಕ್ಕಿಯಲ್ಲಿ ಗಾಳಿಯಾಡುವ ಹಾಗೆ ಇಟ್ಟು, ಟೆಂಟಿನವರೆಗೆ ವೈರನ್ನು ಕೋಲಿನ ಮೇಲೆ ಎತ್ತರದಲ್ಲಿ ಎಳೆಯುತ್ತೇವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾದದ್ದು ಕಟ್‌ಆಫ್ ವಿಷಯ. ವೋಲ್ಟೇಜ್ 11ಕ್ಕೆ ಇಳಿದಾಗ ಬೀಪ್ ಹೊಡೆಯುತ್ತದೆ, 10.5ಕ್ಕೆ ಬಂದ್ ಆಗುತ್ತದೆ. ಲಿಥಿಯಂ ಬ್ಯಾಟರಿ 12ರ ಹತ್ತಿರ ಬಂದಾಗಲೇ ಬಹುಪಾಲು ಖಾಲಿಯಾಗಿರುತ್ತದೆ, ಅಲ್ಲಿಂದ ಮುಂದೆ ಸರಸರ ಬೀಳುತ್ತದೆ. ಲೆಡ್ ಆಸಿಡ್ ಆದರೆ 11ಕ್ಕೆ ಬರುವಷ್ಟರಲ್ಲಿ ಅದರ ಆಯಸ್ಸಿಗೇ ಪೆಟ್ಟು ಬಿದ್ದಿರುತ್ತದೆ. ಈ ಬೀಪ್ ನಂಬಿಕೊಂಡು ಮಲಗಿದರೆ ನಡುರಾತ್ರಿ ಸಿಪ್ಯಾಪ್ ನಿಲ್ಲುತ್ತದೆ. ಅದಕ್ಕೆ ನಾವು ಬ್ಯಾಟರಿಗೆ ಬೇರೆ ಮೀಟರ್ ಹಾಕಿದ್ದೇವೆ, ಎಷ್ಟು ಎಎಚ್ ಹೋಯಿತು ಅಂತ ಎಣಿಸಿ ತೋರಿಸುವಂಥದ್ದು. ಮಲಗುವ ಮುಂಚೆ 40 ಎಎಚ್ ಉಳಿದಿದೆಯಾ ಅಂತ ನೋಡಿಯೇ ಮಾವನ ಮಷಿನ್ ಆನ್ ಮಾಡೋದು. ಕಟ್‌ಆಫ್ ನಾವೇ ಸೆಟ್ ಮಾಡಿಕೊಳ್ಳುವ ಹಾಗೆ ಕಂಪನಿಯವರು ಕೊಟ್ಟರೆ ನಾನು ಇನ್ನೂ ಸಾವಿರ ರೂಪಾಯಿ ಜಾಸ್ತಿ ಕೊಡಲು ತಯಾರಿದ್ದೇನೆ.

ಫೋನು, ಲ್ಯಾಪ್‌ಟಾಪ್ ಚಾರ್ಜ್ ಆದರೆ ಸಾಕು ಅನ್ನುವವರು ಇದ್ಯಾವುದನ್ನೂ ತಗೊಳ್ಳಬೇಡಿ. 65 ವ್ಯಾಟ್ ಟೈಪ್ ಸಿ ಕೊಡುವ ದೊಡ್ಡ ಪವರ್ ಬ್ಯಾಂಕ್ ಸಾಕು. ಮನೆಯಲ್ಲಿ ಸಿಪ್ಯಾಪ್ ಹಚ್ಚಿಕೊಳ್ಳುವವರು ಇದ್ದರೆ, ಅವರನ್ನು ಬಿಟ್ಟು ಹೋಗುತ್ತಿದ್ದರೆ, ಬ್ಯಾಟರಿಯಲ್ಲಿ ಜುಗ್ಗತನ ಮಾಡದೆ ತಗೊಳ್ಳಿ. ಜೊತೆಗೆ ಕೊಟ್ಟ ವೈರನ್ನು ಮೊದಲ ದಿನವೇ ತೆಗೆದುಬಿಡಿ.