ರಾಣಿಬಾಗ್ ಝೂನಲ್ಲಿ ಭಾನುವಾರದ ಸ್ವಯಂಸೇವೆ: ಹೆಸರು ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. ಹುಲಿಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಬಹುದು, ಪೆಂಗ್ವಿನ್‌ಗೆ ಕೈಯಾರೆ ಮೀನು ತಿನ್ನಿಸಬಹುದು ಅಂತ ಆಸೆ ಇದ್ದರೆ ಇದು ನಿಮಗಲ್ಲ. ಸ್ವಯಂಸೇವಕರಿಗೆ ಪ್ರಾಣಿ ಮುಟ್ಟುವ ಕೆಲಸ ಇಲ್ಲ. ಇರಲೂಬಾರದು. ಹೊರಗಿನವರ ಕೈಗೆ ಪ್ರಾಣಿ ಕೊಡುವ ಝೂ ಒಳ್ಳೆಯ ಝೂ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕೆಲಸ ಪೂರ್ತಿ ಜನರ ಜೊತೆ: ಗಾಜಿನ ಪಕ್ಕ, ಬೇಲಿಯ ಪಕ್ಕ ನಿಲ್ಲುವುದು, ಬಡಿಯುವವರನ್ನು ತಡೆಯುವುದು, ಕೇಳಿದವರಿಗೆ ಉತ್ತರ ಹೇಳುವುದು, ಕೇಳದವರನ್ನೂ ಒಂದು ನಿಮಿಷ ನಿಲ್ಲಿಸಿ ಸರಿಯಾಗಿ ನೋಡುವ ಹಾಗೆ ಮಾಡುವುದು. ಅಷ್ಟೇ. ಆದರೆ ಆ ಅಷ್ಟರಲ್ಲೇ ತುಂಬಾ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಹೋಗುವುದು ಮುಂಬೈಯ ಬೈಕುಲಾದಲ್ಲಿರುವ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನಕ್ಕೆ. ಬಾಯಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ, ಎಲ್ಲರಿಗೂ ಅದು ರಾಣಿಬಾಗ್. 1862ರಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಅಂತ ಬಾಗಿಲು ತೆರೆದ ಜಾಗ, ಈಗ ನಡೆಸುವುದು ಮಹಾನಗರಪಾಲಿಕೆ. ಊರಿನಿಂದ ನೆಂಟರು ಬಂದರೆ ಗೇಟ್‌ವೇ, ಚೌಪಾಟಿ ಆದಮೇಲೆ ರಾಣಿಬಾಗ್ ತೋರಿಸುವುದು ಇಲ್ಲಿನ ಕನ್ನಡದ ಮನೆಗಳಲ್ಲಿ ನಡೆದುಬಂದ ರೂಢಿ, ಅಲ್ವಾ? ನಮ್ಮ ಸಂಘದ ಗುಂಪಿನಲ್ಲಿ ಒಬ್ಬರು ಹೀಗೊಂದು ಸ್ವಯಂಸೇವೆ ಇದೆ ಅಂತ ಹಾಕಿದ್ದರು. ಅದನ್ನು ನಡೆಸುವುದು ಒಂದು ಸಣ್ಣ ಸಂಸ್ಥೆ. ಕೆಳಗೆ ಅದರ ಬಗ್ಗೆ ದೂರು ಇರುವುದರಿಂದ ಹೆಸರು ಬರೆಯುವುದಿಲ್ಲ.

ಸೇರುವುದು ಕಷ್ಟವಿಲ್ಲ. ಒಂದು ಫಾರ್ಮ್, ಆಧಾರ್ ಪ್ರತಿ, ಫೋನಿನಲ್ಲಿ ನಾಲ್ಕು ಮಾತು. ದುಡ್ಡು ಕೊಡಬೇಕಿಲ್ಲ, ಅವರೂ ಕೊಡುವುದಿಲ್ಲ. ಆಮೇಲೆ ಅರ್ಧ ದಿನದ ತರಬೇತಿ. ಹೇಳಿಕೊಟ್ಟ ತಾಯಿ (ಇಲ್ಲಿ ದೊಡ್ಡವರನ್ನೆಲ್ಲ ಹಾಗೇ ಕರೆಯುತ್ತೇವೆ, ಮರಾಠಿಯಲ್ಲಿ ಅಕ್ಕ ಅಂತ ಅರ್ಥ) ಬಹಳ ಚೆನ್ನಾಗಿ ಹೇಳಿಕೊಟ್ಟರು. ಅವರು ಹೇಳಿದ್ದರಲ್ಲಿ ದಿನಾ ಉಪಯೋಗಕ್ಕೆ ಬರುವುದು ಒಂದೇ ಮಾತು: "ಮಾಡಬೇಡಿ" ಅಂತ ಶುರು ಮಾಡಬೇಡಿ, "ಅಲ್ಲಿ ನೋಡಿ" ಅಂತ ಶುರು ಮಾಡಿ. ಗಾಜು ಬಡಿಯುತ್ತಿರುವ ಹುಡುಗನಿಗೆ ಬೈದರೆ ಅವನ ಅಪ್ಪ ಜಗಳಕ್ಕೆ ಬರುತ್ತಾರೆ. "ಅಲ್ಲಿ ನೋಡು, ಅದರ ರೆಕ್ಕೆಗೆ ಕಟ್ಟಿರುವ ಪಟ್ಟಿ ಯಾವ ಬಣ್ಣ?" ಅಂತ ಕೇಳಿದರೆ ಹುಡುಗನ ಕೈ ತಾನಾಗಿ ನಿಲ್ಲುತ್ತದೆ.

ಪೆಂಗ್ವಿನ್ ಮನೆಯ ವಿಷಯಕ್ಕೆ ಬರುತ್ತೇನೆ, ಜನ ಜಾಸ್ತಿ ಸೇರುವುದು ಅಲ್ಲೇ. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್ ಬಂದವು, ಅದೇ ವರ್ಷ ಒಂದು ತೀರಿಕೊಂಡಿತು, 2017ರ ಮಾರ್ಚ್‌ನಿಂದ ಜನರಿಗೆ ನೋಡಲು ಬಿಟ್ಟರು. 2018ರ ಆಗಸ್ಟ್ 15ರಂದು ಒಂದು ಮರಿ ಹುಟ್ಟಿತು. ಭಾರತದಲ್ಲಿ ಹುಟ್ಟಿದ ಮೊದಲ ಪೆಂಗ್ವಿನ್ ಮರಿ ಅದು, ಹೆಚ್ಚು ದಿನ ಬದುಕಲಿಲ್ಲ. ಆಮೇಲೆ ಹುಟ್ಟಿದ ಮರಿಗಳಲ್ಲಿ ಹಲವು ಬೆಳೆದು ದೊಡ್ಡವಾಗಿವೆ. ಒಳಗೆ ಬಂದವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಐಸ್ ಎಲ್ಲಿ? ಅದಕ್ಕೆ ಉತ್ತರ ಹೇಳುವುದೆಂದರೆ ನನಗೆ ಬಹಳ ಇಷ್ಟ. ಇವು ಪೆರು, ಚಿಲಿ ದೇಶಗಳ ಕಡಲತೀರದವು. ಆ ತೀರ ಮರಳುಗಾಡು. ಪಕ್ಕದ ಸಮುದ್ರದಲ್ಲಿ ಹಂಬೋಲ್ಟ್ ಅನ್ನುವ ತಣ್ಣನೆಯ ಪ್ರವಾಹ ಹರಿಯುತ್ತದೆ, ಅದೇ ಹೆಸರು ಹಕ್ಕಿಗೂ ಬಂತು. ನೀರು ತಣ್ಣಗೆ, ಮೀನು ಹೇರಳ, ಆದರೆ ನೆಲದ ಮೇಲೆ ಹಿಮ ಇಲ್ಲ. ಹಾಗಾಗಿ ಇಲ್ಲೂ ಹಿಮ ಇಲ್ಲ, ತಂಪು ಮಾಡಿದ ಕೋಣೆ, ತಣ್ಣನೆಯ ನೀರು, ಬಂಡೆ. ಇಷ್ಟು ಹೇಳಿದರೆ ಸಾಕು, ಐಸ್ ಇಲ್ಲ ಅಂತ ಬೇಸರ ಪಟ್ಟುಕೊಂಡವರೇ ಪಕ್ಕದವರಿಗೆ ಮರಳುಗಾಡಿನ ಕಥೆ ಹೇಳಲು ಶುರು ಮಾಡುತ್ತಾರೆ.

ಇನ್ನೊಂದು ಪ್ರಶ್ನೆ, ಗರಿ ಉದುರುವ ಕಾಲದಲ್ಲಿ. ವರ್ಷಕ್ಕೊಮ್ಮೆ ಪೆಂಗ್ವಿನ್ ಹಳೆಯ ಗರಿಗಳನ್ನೆಲ್ಲ ಒಟ್ಟಿಗೆ ಕಳಚುತ್ತದೆ. ಹೊಸ ಗರಿ ಬರುವ ತನಕ ಮೈಗೆ ನೀರು ತಡೆಯುವ ಶಕ್ತಿ ಇಲ್ಲ, ಅದಕ್ಕೇ ಈಜುವುದಿಲ್ಲ, ಅದರ ಸ್ವಂತ ಕಡಲತೀರದಲ್ಲಾದರೆ ಊಟವೂ ಇಲ್ಲ. ಒಂದು ಮೂಲೆಯಲ್ಲಿ ನಿಂತಿರುತ್ತದೆ. ಕುತ್ತಿಗೆಯ ಸುತ್ತ ಹಳೆಯ ಗರಿ ಗೊಂಚಲಾಗಿ ಜೋತುಬಿದ್ದು, ಅದರ ಕೆಳಗೆ ಹೊಸ ಗರಿ ಕಪ್ಪಗೆ ನುಣ್ಣಗೆ ಇಣುಕುತ್ತಿರುತ್ತದೆ. ಜನ ಫೋನ್ ತೆಗೆದು, ನೋಡಿ ಇದಕ್ಕೆ ಕಾಯಿಲೆ, ಯಾರೂ ನೋಡಿಕೊಳ್ಳುವುದಿಲ್ಲ ಅಂತ ವಿಡಿಯೋ ಮಾಡುತ್ತಾರೆ. ಪಕ್ಕದಲ್ಲಿ ಒಬ್ಬರು ನಿಂತು ತಿಳಿಸಿ ಹೇಳಿದರೆ ಆ ವಿಡಿಯೋ ಬೇರೆಯೇ ಆಗುತ್ತದೆ. ಸ್ವಯಂಸೇವಕರು ಯಾಕೆ ಬೇಕು ಅಂತ ಕೇಳಿದವರಿಗೆ ನಾನು ಕೊಡುವ ಉದಾಹರಣೆ ಇದೇ. ಬೋರ್ಡ್ ಹಾಕಿದರೆ ಸಾಲದು, ಗುಂಪಿನಲ್ಲಿ ನೂಕಿಸಿಕೊಂಡು ಹೋಗುವವರು ಬೋರ್ಡ್ ಓದುವುದಿಲ್ಲ.

ಮೊಸಳೆಯ ಕಡೆ ಕೆಲಸ ಬೇರೆ ಥರ. ಮೊಸಳೆ ಬಿಸಿಲಿಗೆ ಬಾಯಿ ತೆರೆದುಕೊಂಡು ಗಂಟೆಗಟ್ಟಲೆ ಅಲುಗಾಡದೆ ಮಲಗಿರುತ್ತದೆ. ನೋಡುವವರಿಗೆ ಅದು ಪ್ಲಾಸ್ಟಿಕ್ಕಿನದೋ ನಿಜದ್ದೋ ಅನ್ನುವ ಅನುಮಾನ, ಪರೀಕ್ಷೆ ಮಾಡಲು ಕಲ್ಲು, ನೀರಿನ ಬಾಟಲಿ. ಒಂದು ಭಾನುವಾರ ವಿಜಯಪುರದ ಕಡೆಯ ಅಜ್ಜ ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಹುಡುಗನ ಕೈಯಲ್ಲಿ ಅರ್ಧ ತಿಂದ ಮೆಕ್ಕೆಜೋಳ, ಎಸೆಯಲು ಸಿದ್ಧ. ಅಜ್ಜಿ ಅಜ್ಜನಿಗೆ ಹೇಳುತ್ತಿದ್ದರು, "ಇದು ಸತ್ತೈತಿ ನೋಡ್ರಿ, ಬಾಯಿ ಹಂಗೇ ಬಿಟ್ಟೈತಿ." ಕನ್ನಡ ಕಿವಿಗೆ ಬಿದ್ದದ್ದೇ ಹತ್ತಿರ ಹೋದೆ. "ಸತ್ತಿಲ್ಲ ಅಜ್ಜಿ, ಬಿಸಿಲು ಕಾಯಿಸ್ತಿದೆ. ನಮ್ಮ ಹಾಗೆ ಅದರ ಮೈಯಲ್ಲಿ ಬಿಸಿ ತಾನಾಗಿ ಹುಟ್ಟಲ್ಲ, ಬಿಸಿಲಲ್ಲೇ ಮೈ ಕಾಯಿಸ್ಕೋಬೇಕು. ಜಾಸ್ತಿ ಆಯ್ತು ಅಂದ್ರೆ ಬಾಯಿ ತೆಗೆದು ಬಿಸಿ ಬಿಡತ್ತೆ. ಕಣ್ಣು ನೋಡ್ತಾ ಇರಿ." ಅಜ್ಜಿ ಕಂಬಿ ಹಿಡಿದು ನಿಂತೇ ನಿಂತರು. ಸುಮಾರು ಹೊತ್ತಾದ ಮೇಲೆ ಅದರ ಕಣ್ಣಿನ ಮೇಲೆ ತೆಳ್ಳನೆಯ ಪೊರೆಯೊಂದು ಪಕ್ಕದಿಂದ ಸರಿದು ಮತ್ತೆ ಹಿಂದೆ ಹೋಯಿತು. ಅಜ್ಜಿ ಮೊಮ್ಮಗನ ಕೈಯಿಂದ ಜೋಳ ಕಿತ್ತುಕೊಂಡು, "ಎಲಾ, ಜೀವಂತ ಐತಿ, ಕಲ್ಲು ಗಿಲ್ಲು ಒಗದೀಯೋ ಜ್ವಾಕಿ!" ಅಂದರು. ಆಮೇಲೆ ಬೇರೆಯವರ ಮಕ್ಕಳನ್ನೂ ಅವರೇ ಗದರಿಸುತ್ತಿದ್ದರು. ಮುಂಬೈಗೆ ಮಗನ ಮನೆಗೆ ಬಂದವರು, ಮರಾಠಿ ಹಿಂದಿ ಎರಡೂ ಬಾರದು. ಇಂಥವರು ಪ್ರತಿ ವಾರ ಸಿಗುತ್ತಾರೆ. ಕಲಬುರಗಿ, ಸೋಲಾಪುರದ ಕಡೆಯ ಕನ್ನಡದವರು, ಬೆಳಗಾವಿಯವರು. ನಿಮಗೆ ಕನ್ನಡ ಬರುತ್ತದೆ ಅನ್ನುವುದೇ ಇಲ್ಲಿ ಒಂದು ದೊಡ್ಡ ಅರ್ಹತೆ.

ಜಿಂಕೆಗಳ ಬೇಲಿಯ ಹತ್ತಿರ ಮಾತ್ರ ನನಗೆ ತಾಳ್ಮೆ ಉಳಿಯುವುದು ಕಷ್ಟ. ಚಿಪ್ಸ್ ತಿಂದು ಖಾಲಿ ಪ್ಯಾಕೆಟ್ ಬೇಲಿಯೊಳಗೆ ತೂರುತ್ತಾರೆ. ಉಪ್ಪಿನ ವಾಸನೆಗೆ ಜಿಂಕೆ ಪ್ಲಾಸ್ಟಿಕ್ ಸಮೇತ ನುಂಗುತ್ತದೆ. ಅದು ಮೆಲುಕು ಹಾಕುವ ಪ್ರಾಣಿ, ಹಸುವಿನ ಹಾಗೆಯೇ ಪ್ಲಾಸ್ಟಿಕ್ ಹೊಟ್ಟೆಯಲ್ಲಿ ಗಂಟು ಕಟ್ಟಿ ಕೂರುತ್ತದೆ, ಹೊಟ್ಟೆ ತುಂಬಿದ ಹಾಗಾಗಿ ಮೇವು ಬಿಡುತ್ತದೆ, ಸೊರಗಿ ಸಾಯುತ್ತದೆ. ಝೂನಲ್ಲಿ ಪ್ರಾಣಿಯನ್ನು ಕೆಣಕುವುದು, ಗಾಯ ಮಾಡುವುದು, ತಿನ್ನಿಸುವುದು, ಗಲಾಟೆ ಮಾಡಿ ಹೆದರಿಸುವುದು, ಕಸ ಎಸೆಯುವುದು, ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38-ಜೆ ಕಲಮಿನಲ್ಲಿ ಅಪರಾಧ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ದಯವಿಟ್ಟು ಮನೆಯಲ್ಲಿ ಮಕ್ಕಳಿಗೆ ಹೇಳಿ.

ಇನ್ನು ಸಂಸ್ಥೆಯ ಬಗ್ಗೆ ನನ್ನ ದೂರುಗಳು. ಯಾರು ಎಲ್ಲಿ ನಿಲ್ಲಬೇಕು ಅನ್ನುವ ಪಟ್ಟಿ ಶನಿವಾರ ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ವಾಟ್ಸಾಪ್‌ಗೆ ಬರುತ್ತದೆ. ಡೊಂಬಿವಲಿ, ಕಲ್ಯಾಣದಷ್ಟು ದೂರದಿಂದ ಬರುವವರಿಗೆ ಇದು ನಿಜವಾಗಿ ತೊಂದರೆ. ಗುರುತಿನ ಚೀಟಿ ಬರಲು ತಿಂಗಳುಗಳೇ ಹಿಡಿದವು, ಅಷ್ಟು ದಿನ ಬರೀ ಒಂದು ಟೋಪಿ. ಚೀಟಿ ಇಲ್ಲದವರ ಮಾತು ಯಾರು ಕೇಳುತ್ತಾರೆ? "ನೀವ್ಯಾರ್ರೀ ಹೇಳೋಕೆ" ಅನ್ನಿಸಿಕೊಂಡದ್ದು ಬಹಳ ಸಲ. ಎಲ್ಲಕ್ಕಿಂತ ದೊಡ್ಡ ದೂರು, ಪ್ರಮಾಣಪತ್ರಕ್ಕೆ ಅಂತಲೇ ಬರುವ ಕಾಲೇಜು ಹುಡುಗರನ್ನು ತರಬೇತಿ ಇಲ್ಲದೆ ನಿಲ್ಲಿಸುವುದು. ಹುಡುಗರ ತಪ್ಪಿಲ್ಲ. ಹೇಳಿಕೊಟ್ಟರೆ ನಮಗಿಂತ ಚೆನ್ನಾಗಿ ಮಾಡುತ್ತಾರೆ. ಹೇಳಿಕೊಡದೆ ನಿಲ್ಲಿಸಿದರೆ ಬಾಯಿಗೆ ಬಂದದ್ದು ಹೇಳುತ್ತಾರೆ, ಜನ ಅದನ್ನೇ ನಂಬಿಕೊಂಡು ಮನೆಗೆ ಹೋಗುತ್ತಾರೆ. ಇದನ್ನು ಅವರಿಗೆ ಬರೆದು ಕೊಟ್ಟಿದ್ದೇನೆ. ಪಟ್ಟಿ ಈಗ ಸ್ವಲ್ಪ ಬೇಗ ಬರುತ್ತಿದೆ, ತರಬೇತಿಯ ವಿಷಯ ಹಾಗೇ ಇದೆ.

ಪ್ರಾಣಿ ಬಿಟ್ಟು ಬೇರೆ ಏನೂ ನೋಡದೆ ಹೋಗುವವರಿಗೆ ಒಂದು ಮಾತು. ರಾಣಿಬಾಗ್ ಮೊದಲು ತೋಟ, ಆಮೇಲೆ ಝೂ. ಒಳಗೆ ದೊಡ್ಡ ಹೊಟ್ಟೆಯ ಬಾವೋಬಾಬ್ ಮರ ಇದೆ, ಆಫ್ರಿಕಾ ಮೂಲದ್ದು. ಪಕ್ಕದ ಭಾವು ದಾಜಿ ಲಾಡ್ ಮ್ಯೂಸಿಯಂ ಹತ್ತಿರ ಕಲ್ಲಿನ ಆನೆ ಇದೆಯಲ್ಲ, ಅದು ಘಾರಾಪುರಿ ದ್ವೀಪದ್ದು. ಅದನ್ನು ನೋಡಿಯೇ ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಅಂತ ಕರೆದರು. ಬ್ರಿಟಿಷರು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಅದು ಒಡೆಯಿತು, ತುಂಡುಗಳನ್ನು ಜೋಡಿಸಿ ಇಲ್ಲಿ ನಿಲ್ಲಿಸಿದರು. ಕಾಲಾ ಘೋಡಾ ಅಂತ ಇಡೀ ಪ್ರದೇಶಕ್ಕೆ ಹೆಸರು ತಂದ ಕಪ್ಪು ಕುದುರೆಯ ಮೂಲ ಪ್ರತಿಮೆ, ಅಂದರೆ ಕುದುರೆ ಏರಿದ ಏಳನೇ ಎಡ್ವರ್ಡ್, ಅದೂ ಈಗ ಇಲ್ಲೇ. ಕೆಲಸ ಮುಗಿದ ಮೇಲೆ ಈ ಕಡೆ ಒಂದು ಸುತ್ತು ಹಾಕಿ ಬರುವುದು ನಮ್ಮ ಗುಂಪಿನ ಅಭ್ಯಾಸ.

ಯಾರಿಗೆ ಸರಿಹೋಗುತ್ತದೆ? ನಿಲ್ಲುವ ಶಕ್ತಿ ಬೇಕು. ಒಂದೇ ಉತ್ತರವನ್ನು ಇನ್ನೂರನೇ ಸಲ ಹೇಳುವಾಗಲೂ ಮೊದಲ ಸಲದಷ್ಟೇ ಆಸಕ್ತಿಯಿಂದ ಹೇಳುವ ಮನಸ್ಸು ಬೇಕು. ಹಿಂದಿ ಮರಾಠಿ ಸ್ವಲ್ಪ ಬಂದರೆ ಸಾಕು. ನಿವೃತ್ತರಾದ ಮೇಷ್ಟ್ರುಗಳು, ಟೀಚರಮ್ಮಗಳು ಇದ್ದರೆ ದಯವಿಟ್ಟು ಬನ್ನಿ, ನಿಮ್ಮ ಗಂಟಲಿಗೆ ಇಲ್ಲಿ ಬಹಳ ಬೆಲೆ ಇದೆ. ಝೂ ಬೇಕೇ ಬೇಡವೇ ಅನ್ನುವ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಇದ್ದರೂ ಬನ್ನಿ, ನನ್ನಲ್ಲೂ ಇದೆ. ಕಾಡಿನಲ್ಲಿ ಇರಬೇಕಾದ ಪ್ರಾಣಿ ಗಾಜಿನ ಹಿಂದೆ ಇರುವುದು ನೋಡಿ ನನಗೆ ಸಂಕಟವಾಗುತ್ತದೆ. ಆದರೆ ಅದು ಇವತ್ತು ಅಲ್ಲಿದೆ, ಇವತ್ತು ಅದರ ಗಾಜಿಗೆ ಯಾರೋ ಬಡಿಯುತ್ತಿದ್ದಾರೆ. ನಾನು ಅಲ್ಲಿ ನಿಂತರೆ ಆ ಒಂದು ಬಡಿತ ತಪ್ಪುತ್ತದೆ.

ಹೋಗುವವರಿಗೆ ಒಂದೆರಡು ವಿಷಯ. ಭಾನುವಾರ ಲೋಕಲ್ ರೈಲಿನ ಸೆಂಟ್ರಲ್ ಲೈನ್‌ನಲ್ಲಿ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಕೆಲವು ಗಂಟೆ ರೈಲು ನಿಲ್ಲಿಸುವುದು) ಇದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ, ಬ್ಲಾಕ್ ಶುರುವಾಗುವ ಮುಂಚೆ ಬೈಕುಲಾ ತಲುಪಿದರೆ ಒಳ್ಳೆಯದು. ಸ್ಟೇಷನ್‌ನ ಪೂರ್ವದ ಕಡೆ ಇಳಿದರೆ ನಡೆದೇ ಹೋಗಬಹುದು. ಬುಧವಾರ ಝೂ ರಜೆ. ಮೇ ತಿಂಗಳು ಮತ್ತು ದೀಪಾವಳಿ ರಜೆಯಲ್ಲಿ ಜನ ಸಿಕ್ಕಾಪಟ್ಟೆ, ಹೊಸಬರು ಆಗ ಶುರು ಮಾಡಬೇಡಿ, ಜುಲೈನಲ್ಲಿ ಮಳೆ ಹಿಡಿದ ಮೇಲೆ ಸೇರಿ. ಆಗ ಜನ ಕಡಿಮೆ, ಕೀಪರ್ ಕಾಕಾಗಳಿಗೂ ಮಾತಾಡಲು ಬಿಡುವು ಇರುತ್ತದೆ, ಕಲಿಯುವುದು ಅವರಿಂದಲೇ ಜಾಸ್ತಿ. ಒಳ್ಳೆಯ ಚಪ್ಪಲಿ ಅಲ್ಲ, ಒಳ್ಳೆಯ ಶೂ ಹಾಕಿಕೊಳ್ಳಿ. ಮತ್ತೆ ತರಬೇತಿ ಕೊಡದೆ ನಿಲ್ಲಿಸಿದರೆ ನಿಲ್ಲಬೇಡಿ, ಮೊದಲು ಹೇಳಿಕೊಡಿ ಅಂತ ಕೇಳಿ. ನಾಲ್ಕು ಜನ ಕೇಳಿದರೆ ಅವರು ಕೊಟ್ಟೇ ಕೊಡುತ್ತಾರೆ.