ಮೈ ತಣ್ಣಗಿರುವ ಎಲ್‌ಇಡಿ ಟಾರ್ಚ್ ನಂಬಬೇಡಿ

ಹಳೆಯ ಬಲ್ಬ್ ಟಾರ್ಚ್‌ಗೆ 10 ವಾಟ್ ಎಲ್‌ಇಡಿ ಹಾಕಿಕೊಳ್ಳುವ ಕಿಟ್‌ಗಳು ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಎಲ್‌ಇಡಿ, ಸರ್ಕ್ಯೂಟ್, ಲಿಥಿಯಂ ಸೆಲ್, ಚಾರ್ಜರ್ ಎಲ್ಲ ಒಂದೇ ಪೊಟ್ಟಣದಲ್ಲಿ. ಅಂಥದ್ದೊಂದನ್ನು ನಾನು ತರಿಸಿದೆ. ಎಲ್‌ಇಡಿ ಸುಟ್ಟುಹೋಯಿತು. ಸೆಲ್ ಚಾರ್ಜ್ ಆಗುವಾಗ ಹೊಗೆ ಉಗುಳಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಟಾರ್ಚ್ ಮಕ್ಕಳ ಕೈಗೂ ಹೋಗುವ ವಸ್ತು ಅಲ್ವಾ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹಾಕಿದ ಕೂಡಲೇ ಬೆಳಕು ಜೋರಾಗಿಯೇ ಬಂತು. ಟಾರ್ಚ್‌ನ ಮೈ ಮಾತ್ರ ತಣ್ಣಗಿತ್ತು. ಮಾರಾಟಗಾರರು ಹೇಳಿಕೊಂಡಿದ್ದೂ ಅದನ್ನೇ, 'ಬಿಸಿಯೇ ಆಗುವುದಿಲ್ಲ' ಅಂತ. ಕೆಲವೇ ನಿಮಿಷಗಳಲ್ಲಿ ಬೆಳಕು ಮಂಕಾಯಿತು, ನೀಲಿಗೆ ತಿರುಗಿತು, ಆಮೇಲೆ ಆರಿಹೋಯಿತು. ಬಿಚ್ಚಿ ನೋಡಿದರೆ ಎಲ್‌ಇಡಿಯ ಹಳದಿ ಪದರ ಕಂದು ಬಣ್ಣಕ್ಕೆ ಬಂದಿತ್ತು. ಪ್ಲಾಸ್ಟಿಕ್ ರಿಫ್ಲೆಕ್ಟರ್‌ನ ಬುಡ ಕರಗಿ ಸೊಟ್ಟಗಾಗಿತ್ತು. ಆಗಲೂ ಟಾರ್ಚ್‌ನ ಮೈ ಬರೀ ಉಗುರುಬೆಚ್ಚಗೆ.

ಆ ತಣ್ಣನೆಯ ಮೈಯೇ ಅಪಾಯದ ಗುರುತು. ಹಳೆಯ ಬಲ್ಬ್ ತನ್ನ ಬಿಸಿಯ ಬಹುಪಾಲನ್ನು ಬೆಳಕಿನ ಜೊತೆಗೇ ಮುಂದಕ್ಕೆ ಹೊರಹಾಕುತ್ತದೆ. ಹಾಗಾಗಿ ಅದಕ್ಕೆ ಪ್ಲಾಸ್ಟಿಕ್ ಹೋಲ್ಡರ್ ಸಾಕು. ಎಲ್‌ಇಡಿ ಹಾಗಲ್ಲ. ಅದರ ಬೆಳಕಿನಲ್ಲಿ ಬಿಸಿ ಕಡಿಮೆ, ಆದರೆ ಕೊಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವಾಗಿ ಬೆಳಕು ಕೊಡುವ ಪುಟ್ಟ ಚಿಪ್‌ನಲ್ಲೇ ಉಳಿಯುತ್ತದೆ. ಅದು ಹಿಂದುಗಡೆಯಿಂದ, ಲೋಹದಿಂದ ಲೋಹಕ್ಕೆ ಹರಿದೇ ಹೊರಗೆ ಹೋಗಬೇಕು. ಎಲ್‌ಇಡಿ ಕೂತಿರುವ ತಾಮ್ರದ ಅಥವಾ ಅಲ್ಯೂಮಿನಿಯಂ ಬೋರ್ಡ್, ಅದರಡಿ ಶಾಖ ದಾಟಿಸಲು ತೆಳ್ಳಗೆ ಹಚ್ಚಿದ ಥರ್ಮಲ್ ಪೇಸ್ಟ್, ಅದರಡಿ ಗಟ್ಟಿ ಲೋಹದ ಬಿಲ್ಲೆ, ಕೊನೆಗೆ ಟಾರ್ಚ್‌ನ ಮೈ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಚಿಪ್ ಒಳಗೇ ಬೇಯುತ್ತದೆ. ಇಂಥ ಎಷ್ಟೋ ಎಲ್‌ಇಡಿಗಳಿಗೆ ಚಿಪ್‌ನ ಶಾಖದ ಮಿತಿ 150 ಡಿಗ್ರಿ ಸೆಲ್ಸಿಯಸ್. ದಾರಿ ಇಲ್ಲದ 10 ವಾಟ್ ಆ ಮಿತಿಯನ್ನು ಬೇಗ ಮುಟ್ಟುತ್ತದೆ. ನನಗೆ ಬಂದ ಬಿಲ್ಲೆ ಒಳಗೆ ಟೊಳ್ಳು. ಬೋರ್ಡ್ ಅದರ ಅಂಚಿಗಷ್ಟೇ ತಾಗಿತ್ತು, ನಡುವೆ ಬರೀ ಗಾಳಿ. ಬಿಲ್ಲೆಗೂ ಟಾರ್ಚ್‌ನ ಮೈಗೂ ಮಧ್ಯೆ ಪ್ಲಾಸ್ಟಿಕ್ ಉಂಗುರ ಬೇರೆ.

ಚೆನ್ನಾಗಿ ಮಾಡಿದ 10 ವಾಟ್ ಟಾರ್ಚ್ ಕೆಲವು ನಿಮಿಷದಲ್ಲೇ ಕೈಗೆ ಬಿಸಿ ತಾಗಿಸುತ್ತದೆ. ತಾಗಿಸಲೇಬೇಕು.

ಡ್ರೈವರ್ ಅಂತ ಕೊಟ್ಟಿದ್ದ ಸರ್ಕ್ಯೂಟ್‌ನಲ್ಲಿ ಇದ್ದದ್ದು ಒಂದು ರೆಸಿಸ್ಟರ್, ಕರೆಂಟಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ ಅಷ್ಟೇ. ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಡ್ರೈವರ್ ಇಲ್ಲದೆ ಈ ಎಲ್‌ಇಡಿ ಓಡಿಸುವುದು ಸರಿಯಲ್ಲ. ಎಲ್‌ಇಡಿ ಕಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಮತ್ತೆ ಕಾಯುತ್ತದೆ. ಒಳ್ಳೆಯ ಡ್ರೈವರ್ ಸೆಲ್ ಬರಿದಾಗುವ ಮುಂಚೆ ತಾನೇ ಕರೆಂಟ್ ಕಡಿದುಹಾಕುತ್ತದೆ ಕೂಡ. ಲಿಥಿಯಂ ಸೆಲ್ 2.5 ವೋಲ್ಟ್‌ಗಿಂತ ತೀರಾ ಕೆಳಗೆ ಹೋದರೆ ಒಳಗಿನ ತಾಮ್ರ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರವೇ ಒಳಗೊಳಗೇ ಶಾರ್ಟ್ ಆಗಲು ಕಾರಣವಾಗಬಹುದು.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಸೆಲ್. ಎಲ್‌ಇಡಿ ಹೋದ ಮೇಲೆ ಸೆಲ್ಲಾದರೂ ಹೇಗಿದೆ ನೋಡೋಣ ಎಂದು ಅವರದೇ ಚಾರ್ಜರ್‌ಗೆ ಹಾಕಿ, ಮಲ್ಟಿಮೀಟರ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಇಂಥ ಸೆಲ್ 4.2 ವೋಲ್ಟ್ ತಲುಪಿದ ಮೇಲೆ ವೋಲ್ಟೇಜ್ ಏರಲೇಬಾರದು. ಇದು 4.3 ದಾಟಿತು, ಇನ್ನೂ ಏರುತ್ತಿತ್ತು. ಪ್ಲಗ್ ಕಿತ್ತೆ. ಅಷ್ಟರಲ್ಲಿ ಸೆಲ್ ಮುಟ್ಟಲಾಗದಷ್ಟು ಕಾದಿತ್ತು. ಚಾರ್ಜರ್ ಸಮೇತ ಹೊರಗೆ ಬರಿ ನೆಲದ ಮೇಲಿಟ್ಟು ದೂರ ಬಂದೆ. ಬುಸ್ಸೆಂದು ಸದ್ದಾಗಿ ಹೊಗೆ ಬಂತು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರಬಹುದು, ಹತ್ತಿರ ಹೋಗಬಾರದು. ಇದೇ ಸೆಲ್ ಬಿಗಿಯಾಗಿ ಮುಚ್ಚಿದ ಲೋಹದ ಟಾರ್ಚ್ ಒಳಗೆ ಹೀಗೆ ಅನಿಲ ಬಿಟ್ಟಿದ್ದರೆ? ಒತ್ತಡಕ್ಕೆ ದಾರಿಯೇ ಇರುವುದಿಲ್ಲ, ಟಾರ್ಚ್ ಸಿಡಿಯಬಹುದು.

ಸೆಲ್ ಮೇಲೆ 9900 ಎಂಎಎಚ್ ಎಂದು ಬರೆದಿತ್ತು, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ. ಇಂಥ 18650 ಅಳತೆಯ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) ಸೆಲ್ ಕೊಳ್ಳುವವರು ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಹೆಸರಾಂತ ತಯಾರಕರ ಸಾಮಾನ್ಯ ಸೆಲ್‌ಗಳು ಸುಮಾರು 3500 ಎಂಎಎಚ್‌ಗೆ ನಿಲ್ಲುತ್ತವೆ. 5000 ಮೇಲಿನ ಸಂಖ್ಯೆ ಕಂಡರೆ ಕೈ ಹಾಕಬೇಡಿ. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, ಕೈಗೆ ತೀರಾ ಹಗುರ ಅನಿಸಿದರೆ ಅದು ಬೇಡ. ಬೆಳಕಿನ ಲೆಕ್ಕವೂ ಹಾಗೇ. ಬೆಳಕನ್ನು ಅಳೆಯುವುದು ಲ್ಯೂಮೆನ್‌ನಲ್ಲಿ, 10 ವಾಟ್‌ಗೆ 10,000 ಲ್ಯೂಮೆನ್ ಎಂದಿದ್ದರು. ಒಂದು ವಾಟ್ ಪೂರ್ತಿ ಹಸಿರು ಬೆಳಕಾದರೂ 683 ಲ್ಯೂಮೆನ್ ದಾಟುವುದಿಲ್ಲ, 10 ವಾಟ್‌ಗೆ 6830. ಬಿಳಿ ಎಲ್‌ಇಡಿಯಲ್ಲಿ ಸಾವಿರ, ಸಾವಿರದ ಚಿಲ್ಲರೆ ಸಿಕ್ಕರೆ ಅದೇ ಒಳ್ಳೆಯ ಬೆಳಕು.

ಮಾರಿದವರು ಬೇರೆ ಎಲ್‌ಇಡಿ ಕಳಿಸುತ್ತೇವೆ ಎಂದರು. ಸೆಲ್ ಬಗ್ಗೆ ಉತ್ತರವೇ ಇಲ್ಲ.

ಇಂಥ ಕಿಟ್ ಈಗಾಗಲೇ ನಿಮ್ಮಲ್ಲಿದ್ದರೆ ಮೊದಲು ಸೆಲ್ ಹೊರಗೆ ತೆಗೆದಿಡಿ. ತಲೆಭಾಗ ಬಿಚ್ಚಿ, ಬೋರ್ಡ್ ಅಡಿಯಲ್ಲಿ ಗಟ್ಟಿ ಲೋಹ ಇದೆಯೋ, ಅದು ಟಾರ್ಚ್‌ನ ಮೈಗೆ ತಾಗುತ್ತದೆಯೋ ನೋಡಿ. ಟೊಳ್ಳಾಗಿದ್ದರೆ ಪೇಸ್ಟ್ ತುಂಬಿ ಸರಿಮಾಡಲು ಹೋಗಬೇಡಿ, ಪೇಸ್ಟ್ ಇರುವುದು ಕೂದಲೆಳೆಯ ಸಂದಿಗೆ. ಸೆಲ್ಲನ್ನು ಪ್ರೊಟೆಕ್ಷನ್ ಸರ್ಕ್ಯೂಟ್ (ಚಾರ್ಜ್ ಮಿತಿ ಮೀರಿದರೆ ತಾನೇ ಕಡಿದುಹಾಕುವಂಥದ್ದು) ಇರುವ ಒಳ್ಳೆಯದಕ್ಕೆ ಬದಲಿಸಿ. ಚಾರ್ಜರನ್ನೂ ಬದಲಿಸಿ. ಎರಡು ಸೆಲ್ ಹಾಕುವ ಟಾರ್ಚ್‌ನಲ್ಲಿ ಹಳತು, ಹೊಸತು ಬೆರೆಸಲೇಬೇಡಿ. ತೆಗೆದುಹಾಕಿದ ಸೆಲ್ಲನ್ನು ಕಸದ ಬುಟ್ಟಿಗೆ ಎಸೆಯದೆ, ಎರಡೂ ತುದಿಗೆ ಟೇಪ್ ಸುತ್ತಿ, ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಕಡೆ ಕೊಡಿ.