ಸಿಡಿ ಹಾರುತ್ತಿದೆ ಅಂತ ಕಾರಿನ ಸೆಟ್‌ಗೆ ಗಾಳಿ ಹೊಡೆಸಬೇಡಿ

ಹಳೆ ಕಾರು ಇಟ್ಟುಕೊಂಡಿರುವವರಿಗೆ, ಅದರಲ್ಲೂ ಇನ್ನೂ ಸಿಡಿ ಹಾಕಿಕೊಂಡೇ ಹಾಡು ಕೇಳುವ ಅಪ್ಪನೋ ಮಾವನೋ ಮನೆಯಲ್ಲಿ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಬೋಲ್ಟ್ ಹಾಕಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನಾನು 2,300 ರೂಪಾಯಿ ಕಳೆದೆ. ದುಡ್ಡು ಹಾಳಾಗಿ ಹೋಗಲಿ. ನಮ್ಮ ತಾತನ ದನಿ ಇದ್ದ ಸಿಡಿಗೆ ಗೀರು ಬಿತ್ತು, ಹೊಟ್ಟೆ ಉರಿಯೋದು ಅದಕ್ಕೆ.

ನಮ್ಮದು ಚಿಕ್ಕಬಳ್ಳಾಪುರ. ಕಾರು 2010ರದ್ದು. ಪೆನ್‌ಡ್ರೈವ್ ಸಿಕ್ಕಿಸೋಕೆ ಜಾಗವಿಲ್ಲ, ಬಾಯಿಗೆ ಸಿಡಿ ಇಟ್ಟರೆ ತಾನೇ ಒಳಗೆಳೆದುಕೊಳ್ಳುವ ಸೆಟ್ಟು. ತಾತ ಶಿಡ್ಲಘಟ್ಟದ ಕಡೆ ನಮ್ಮೂರಿನ ಭಜನೆ ತಂಡದಲ್ಲಿದ್ದರು. ಗುರುಪೂರ್ಣಿಮೆ ಬಂದರೆ ಕೈವಾರಕ್ಕೆ ಹೋಗಿ ಅಲ್ಲಿನ ಯೋಗಿ ನಾರೇಯಣ ತಾತಯ್ಯನವರ ತತ್ವಪದ ಹಾಡಿಕೊಂಡು ಬರೋರು, ತೆಲುಗಿನದೂ ಕನ್ನಡದ್ದೂ. 2008ರಲ್ಲಿ ಊರಿನ ಮನೆಯ ಪಡಸಾಲೆಯಲ್ಲಿ ತಂಡದವರು ಕೂತು ಹಾಡಿದ್ದನ್ನು ಚಿಕ್ಕಪ್ಪನ ಮಗ ರೆಕಾರ್ಡ್ ಮಾಡಿ, ಸಿಡಿ ಬರೆಸಿ, ನಾಲ್ಕೈದು ಜನಕ್ಕೆ ಹಂಚಿದ್ದ. ಒಟ್ಟು 1 ಗಂಟೆ 10 ನಿಮಿಷ. ನಮ್ಮ ಮನೆಯಲ್ಲಿ ಉಳಿದಿದ್ದು ಒಂದೇ ಪ್ರತಿ. ಅದೂ ಹೆಚ್ಚುಕಮ್ಮಿ ಕಾರಿನಲ್ಲೇ ಇರುತ್ತಿತ್ತು. ಕಾರು ಹತ್ತಿ ಬಾಗಿಲು ಹಾಕುವ ಮೊದಲೇ ಅಪ್ಪನ ಕೈ ಆ ಬಟನ್ ಮೇಲೆ.

ಏಪ್ರಿಲ್‌ನಲ್ಲಿ ಏಸಿ ತಣ್ಣಗೆ ಬರುತ್ತಿಲ್ಲ ಅಂತ ಕೂಲಿಂಗ್ ಕಾಯಿಲ್ ಬದಲಾಯಿಸಿದೆವು. ಅದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಬಿಚ್ಚಿದರು, ಮತ್ತೆ ಕೂರಿಸಿದರು, ಏಸಿ ಚೆನ್ನಾಗಿ ಬಂತು. ಅದರ ಮುಂದಿನ ವಾರವೇ ಸಿಡಿ ಹಾರಲು ಶುರು. ಈ ಎರಡನ್ನೂ ಸೇರಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಶಿಡ್ಲಘಟ್ಟದ ರಸ್ತೆಯಲ್ಲಿ ಒಂದೊಂದು ಹಂಪ್‌ಗೂ ಹಾಡು ಎರಡು ಸಾಲು ನುಂಗುತ್ತಿತ್ತು. ಮನೆ ಮುಂದೆ ನಿಲ್ಲಿಸಿದ್ದಾಗ ಮಾತ್ರ ಸರಾಗವಾಗಿ ಹಾಡುತ್ತಿತ್ತು. ಸುಳಿವು ಕಣ್ಣ ಮುಂದೆಯೇ ಇತ್ತು ಅಲ್ವಾ? ನಾನು ಮಾತ್ರ ಧೂಳಿನ ಮೇಲೆ ಹಾಕಿದೆ. ನಮ್ಮ ಕಡೆ ಕ್ರಷರ್ ಧೂಳು ಗೊತ್ತಲ್ಲ, ಬೆಳಗ್ಗೆ ಒರೆಸಿದ ಕಾರಿನ ಮೇಲೆ ಸಂಜೆ ಹೆಸರು ಬರೆಯಬಹುದು. ಏನೇ ಕೆಟ್ಟರೂ ಧೂಳು ಅನ್ನೋದು ಇಲ್ಲಿ ಅಭ್ಯಾಸ.

ಮೊದಲು 150 ರೂಪಾಯಿ ಕೊಟ್ಟು ಕ್ಲೀನಿಂಗ್ ಸಿಡಿ ತಂದೆ. ಅಡಿಯಲ್ಲಿ ಸಣ್ಣ ಸಣ್ಣ ಬ್ರಷ್ ಅಂಟಿಸಿರುತ್ತಾರಲ್ಲ, ಅದು. ಒಳಗೆ ಹೋಗಿ ಕರಕರ ಅಂತು, ಹೊರಗೆ ಬಂತು. ಏನೂ ಬದಲಾಗಲಿಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇಂಥ ಡಿಸ್ಕ್ ಹಾಕಬೇಡಿ ಅಂತಲೇ ಅಚ್ಚಾಗಿತ್ತು. ಆ ಪುಸ್ತಕ ನಾನು ತೆರೆದಿದ್ದು ಎಲ್ಲ ಮುಗಿದ ಮೇಲೆ.

ಆಮೇಲೆ ಕಾರ್ ಡೆಕೋರ್ ಅಂಗಡಿಯೊಂದಕ್ಕೆ ಹೋದೆ. ಹೆಸರು ಬೇಡ. ಹುಡುಗ ಸಿಡಿ ಹಾಕಿ ಹತ್ತು ಸೆಕೆಂಡು ಕೇಳಿದ. "ಲೆನ್ಸ್ ಡಸ್ಟ್ ಆಗಿದೆ ಸಾರ್, ಅರ್ಧ ಗಂಟೆ ಕೆಲಸ" ಅಂದ. ಲೆನ್ಸ್ ಅಂದರೆ ಲೇಸರ್ ಬೆಳಕಿನಲ್ಲಿ ಸಿಡಿ ಓದುವ ಸಣ್ಣ ಕಣ್ಣು. ರಸ್ತೆಯಲ್ಲಿ ಓಡಿಸಿ ನೋಡಲಿಲ್ಲ, ನಾನೂ ಓಡಿಸಿ ನೋಡು ಅನ್ನಲಿಲ್ಲ. ಸೆಟ್ ಕಿತ್ತು ಮೇಲಿನ ತಗಡು ಬಿಚ್ಚಿದ. ಪಕ್ಕದ ಪಂಕ್ಚರ್ ಅಂಗಡಿಯ ಏರ್ ಗನ್ ತಂದು ಬುಸ್ ಅಂತ ಎರಡು ಸಲ ಹೊಡೆದ. ಬನಿಯನ್ ವೇಸ್ಟ್ ತುದಿಯನ್ನು ಬಾಟಲಿಯಲ್ಲಿ ಅದ್ದಿ ಲೆನ್ಸ್ ತಿಕ್ಕಿದ. ವಾಸನೆಯಲ್ಲೇ ಗೊತ್ತಾಯಿತು, ಥಿನ್ನರ್. ಆಮೇಲೆ ಕೈಗಡಿಯಾರದ ಸ್ಕ್ರೂಡ್ರೈವರಿನಂಥ ಸಣ್ಣದೊಂದು ತಗೊಂಡು, ಲೇಸರ್ ಹೆಡ್ ಪಕ್ಕದ ಚಿಕ್ಕ ಸ್ಕ್ರೂ ಒಂದನ್ನು ಚೂರೇ ಚೂರು ತಿರುಗಿಸಿದ. "ಪವರ್ ಜಾಸ್ತಿ ಕೊಟ್ಟಿದೀನಿ ಸಾರ್, ಇನ್ನು ಹಾರಲ್ಲ." 600 ರೂಪಾಯಿ.

ಮನೆಗೆ ಬರೋವರೆಗೆ ನಿಜವಾಗಿಯೂ ಹಾರಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯಿತು. ಸೆಟ್ ಮತ್ತೆ ತುರುಕುವಾಗ ಹಿಂದಿನ ವೈರಿನ ಗಂಟು ಅಡಿಗೆ ಸಿಕ್ಕಿಕೊಂಡು ದಿಂಬಿನ ಹಾಗೆ ಆತುಕೊಂಡಿತ್ತು. ವಾರದಲ್ಲಿ ಆ ಗಂಟು ಜಾರಿತು, ಮತ್ತೆ ಅದೇ ಕಥೆ. 11ನೇ ದಿನ ಅದೂ ನಿಂತಿತು. ಪರದೆಯ ಮೇಲೆ ಎರರ್ ಅಂತ ಬಂತು. ಸಿಡಿ ಒಳಗೇ ಉಳಿಯಿತು, ಬಟನ್ ಎಷ್ಟು ಒತ್ತಿದರೂ ಉಗುಳಲಿಲ್ಲ. ಒಳಗಿದ್ದಿದ್ದು ತಾತನ ಸಿಡಿ.

ವಾಪಸ್ ಅದೇ ಅಂಗಡಿಗೆ. "ಲೇಸರ್ ಹೋಗಿದೆ ಸಾರ್, ಇದೆಲ್ಲಾ ಹಳೇ ಕಾಲದ್ದು. ಆಂಡ್ರಾಯ್ಡ್ ಸೆಟ್ ಹಾಕಿಸ್ಕೊಳಿ, 8,500ಕ್ಕೆ ಮಾಡ್ಕೊಡ್ತೀನಿ." ಸಿಡಿ ಮಾತ್ರ ತೆಗೆದುಕೊಡಪ್ಪ ಅಂದೆ. ಸೆಟ್ ಬಿಚ್ಚುವ ತಾಳ್ಮೆ ಅವನಿಗೆ ಇರಲಿಲ್ಲ. ಬಾಯಿಯೊಳಗೆ ಚಿಮಟ ಹಾಕಿ ಎಳೆದ. ಸಿಡಿ ಅರ್ಧ ಬಂದು, ತಿರುಗಿ, ಮತ್ತೆ ಬಂತು. ಅಂಚಿನ ಹತ್ತಿರ ಎಳೆ ಚಂದ್ರನ ಹಾಗೆ ಒಂದು ಗೀರು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಏನೂ ಅನ್ನಲಿಲ್ಲ.

ಯಾರೋ ಹೇಳಿದರು ಅಂತ ಬಿ.ಬಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಟೇಪ್‌ರೆಕಾರ್ಡರ್ ಕಾಲದಿಂದ ರಿಪೇರಿ ಮಾಡಿಕೊಂಡಿರುವ ಯಜಮಾನರೊಬ್ಬರ ಹತ್ತಿರ ಹೋದೆ. ಅಲ್ಲಿಗೇ ಮೊದಲು ಹೋಗಬೇಕಿತ್ತು. ಸೆಟ್ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, "ಏನಪ್ಪ, ಇದಕ್ಕೆ ಥಿನ್ನರ್ ಹಾಕಿದ ಮಹಾನುಭಾವ ಯಾರು?" ಅಂದರು. ನನ್ನನ್ನೂ ಕರೆದು ತೋರಿಸಿದರು. ಕಡಲೆಬೇಳೆ ಗಾತ್ರದ ಲೆನ್ಸ್, ವಯಸ್ಸಾದವರ ಕಣ್ಣಿಗೆ ಪೊರೆ ಬಂದ ಹಾಗೆ ಬೆಳ್ಳಗೆ ಮಂಕಾಗಿತ್ತು. ಅದು ಗಾಜಲ್ಲ, ಪ್ಲಾಸ್ಟಿಕ್. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯುವ ದ್ರಾವಣ ಇವೆಲ್ಲ ಅದನ್ನು ತಿಂದುಹಾಕುತ್ತವೆ.

ಲೆನ್ಸ್ ಕೂದಲಿನಷ್ಟು ತೆಳು ತಂತಿಗಳ ಮೇಲೆ ತೇಲುತ್ತಾ ಇರುತ್ತದಂತೆ. ಸಿಡಿ ತಿರುಗುವಾಗ ಮೇಲೆ ಕೆಳಗೆ, ಆಚೆ ಈಚೆ ಕುಣಿದು ಗುರಿ ಹಿಡಿಯುವುದು ಅದರ ಕೆಲಸ. ಸಿಡಿಯಲ್ಲಿ ಹಾಡು ಚಕ್ಕುಲಿಯ ಹಾಗೆ ಸುತ್ತು ಸುತ್ತಾಗಿ ಇರುತ್ತದೆ, ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ 1.6 ಮೈಕ್ರಾನ್ ದೂರ. ತಲೆಗೂದಲೊಂದರ ದಪ್ಪದಲ್ಲಿ ಹತ್ತಿರ ಹತ್ತಿರ 40 ಸುತ್ತು ಕೂರುತ್ತವೆ. ಅಂಥ ನಾಜೂಕು ಜಾಗಕ್ಕೆ ಲಾರಿ ಟೈರ್ ತುಂಬಿಸುವ ಗಾಳಿ ಬಿಟ್ಟರೆ ತಂತಿ ಸೊಟ್ಟ ಆಗದೆ ಇರುತ್ತದೆಯೇ? ಮೇಲಾಗಿ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಹನಿ, ಎಣ್ಣೆ ಎರಡೂ ಇರುತ್ತವೆ.

ಆ ಚಿಕ್ಕ ಸ್ಕ್ರೂ ಕಥೆ ಇನ್ನೂ ಚೆನ್ನಾಗಿದೆ. ಅದಕ್ಕೆ ಪ್ರೀಸೆಟ್ ಅಂತಾರೆ. ಲೇಸರ್‌ಗೆ ಎಷ್ಟು ಕರೆಂಟ್ ಹೋಗಬೇಕು ಅಂತ ಫ್ಯಾಕ್ಟರಿಯಲ್ಲಿ ಅಳೆದು ಇಟ್ಟಿರುತ್ತಾರೆ. ಅದನ್ನು ಏರಿಸಿದರೆ ಮಂಕಾದ ಲೆನ್ಸ್‌ನಲ್ಲೂ ನಾಲ್ಕು ದಿನ ಹಾಡು ಬರುತ್ತದೆ, ಆಮೇಲೆ ಲೇಸರ್ ಸುಟ್ಟುಹೋಗುತ್ತದೆ. "ಸುಸ್ತಾದ ಎತ್ತಿಗೆ ಬಾರುಕೋಲಲ್ಲಿ ಬಾರಿಸಿದಂಗೆ" ಅಂದರು ಯಜಮಾನರು. ಯಾರಾದರೂ ಪವರ್ ಜಾಸ್ತಿ ಮಾಡಿಕೊಡ್ತೀನಿ ಅಂದರೆ ಸೆಟ್ ಕಿತ್ತುಕೊಂಡು ಎದ್ದು ಬನ್ನಿ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಲೇಸರ್ ಹೆಡ್ ತರಿಸಿದರು, 950. ಕೂಲಿ 600. ಕಾರಿಗೆ ಕೂರಿಸಿದ ಮೇಲೆ ಸಿಡಿ ಹಾಕುವ ಬದಲು ಸೆಟ್ಟಿನ ಮೂತಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಸಡಿಲ ಹಲ್ಲಿನ ಹಾಗೆ ಆಡಿತು. ಗ್ಲೌ ಬಾಕ್ಸ್ ಇಳಿಸಿ ಟಾರ್ಚ್ ಬಿಟ್ಟರು. ಸೆಟ್ಟಿನ ಹಿಂಬದಿಯನ್ನು ಕಾರಿನ ಕಬ್ಬಿಣಕ್ಕೆ ಬಿಗಿಯುವ ಪಟ್ಟಿ ಸುಮ್ನೆ ನೇತಾಡುತ್ತಿತ್ತು, ಬೋಲ್ಟ್ ಇಲ್ಲ. ಏಸಿ ಕೆಲಸದವರು ಹಾಕಲು ಮರೆತಿದ್ದರು. ಯಜಮಾನರು ತಮ್ಮ ಡಬ್ಬಿಯಿಂದ ಒಂದು ಬೋಲ್ಟ್ ಹುಡುಕಿ ಬಿಗಿದರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ. "ಮೊದಲು ಇದನ್ನ ನೋಡ್ಬೇಕಿತ್ತಪ್ಪ" ಅಂದರು, ಅಷ್ಟೇ.

ಅವರ ಅಂಗಡಿಯಲ್ಲಿ ಎರಡು ಗಂಟೆ ಕೂತು ಕೇಳಿಸಿಕೊಂಡಿದ್ದನ್ನು ನಿಮಗೂ ಹೇಳುತ್ತೇನೆ. ಸೆಟ್‌ಗೆ ಕೈ ಹಾಕಿಸುವ ಮೊದಲು ಒಂದೇ ಹಾಡನ್ನು ಎರಡು ಸಲ ಕೇಳಿ. ಪ್ರತಿ ಸಲ ಒಂದೇ ಸಾಲಿನಲ್ಲಿ ಹಾರಿದರೆ ತಪ್ಪು ಸಿಡಿಯದ್ದು, ಸೆಟ್ಟಿನದ್ದಲ್ಲ. ಬೇರೆ ಬೇರೆ ಕಡೆ ಹಾರಿದರೆ ಕಾರು ನಿಲ್ಲಿಸಿ ಕೇಳಿ. ನಿಂತಾಗ ಸರಿ, ಓಡುವಾಗ ಹಾರುತ್ತದೆ ಅಂದರೆ ಮೊದಲು ನೋಡಬೇಕಾದ್ದು ಬೋಲ್ಟ್, ಪಟ್ಟಿ. ಅವು ಗಟ್ಟಿ ಇದ್ದೂ ಹಾರಿದರೆ ಒಳಗೆ ಯಂತ್ರವನ್ನು ತೂಗಿ ಹಿಡಿದಿರುವ, ಎಣ್ಣೆ ತುಂಬಿದ ರಬ್ಬರ್ ಬುಗುರಿಗಳು ಸೋರಿರಬಹುದು. ಹೊಸ ಸೆಟ್ ಹಾಕಿಸಿದ ದಿನದಿಂದಲೇ ಹಾರುತ್ತಿದ್ದರೆ ಮೇಲಿನ ತಗಡಿನಲ್ಲಿ ಸಾಗಣೆಗೆ ಅಂತ ಹಾಕಿದ ಸ್ಕ್ರೂ ತೆಗೆದಿದ್ದಾರಾ ಕೇಳಿ. ಕೆಲವು ಸೆಟ್‌ಗಳಲ್ಲಿ ಇರುತ್ತೆ, ಅದನ್ನು ತೆಗೆಯದಿದ್ದರೆ ಆ ರಬ್ಬರ್ ಕೆಲಸವೇ ಮಾಡಲ್ಲ.

ಅಂಗಡಿಯಲ್ಲಿ ಕೊಂಡ ಸಿಡಿ ಚೆನ್ನಾಗಿ ಹಾಡಿ, ಮನೆಯಲ್ಲಿ ಬರೆಸಿದ್ದು ಮಾತ್ರ ತಡವರಿಸಿದರೆ ಆಗ ಲೆನ್ಸ್ ಮೇಲೆ ಅನುಮಾನ ಪಡಬಹುದು. ಬರೆಸಿದ ಸಿಡಿ ಬೆಳಕನ್ನು ಅಷ್ಟು ಚೆನ್ನಾಗಿ ವಾಪಸ್ ಕೊಡಲ್ಲ, ಲೆನ್ಸ್ ಸ್ವಲ್ಪ ಮಂಕಾದರೂ ಲೇಸರ್‌ಗೆ ಕಾಣಲ್ಲ. ಮೊದಲ ಹಾಡು ಸರಿ, ಕೊನೆಯವು ಹಾರುತ್ತವೆ ಅಂದರೆ ಲೇಸರ್ ಓಡಾಡುವ ಹಳಿಯಲ್ಲಿ ಗ್ರೀಸ್ ಒಣಗಿರಬಹುದು. ಗ್ರಾಮಫೋನ್ ಪ್ಲೇಟಿನ ಹಾಗಲ್ಲ, ಸಿಡಿ ಒಳಗಿನಿಂದ ಹೊರಕ್ಕೆ ಓದುತ್ತೆ. ಇನ್ನು ಚಳಿಗಾಲದ ಬೆಳಗ್ಗೆ ನಂದಿ ಬೆಟ್ಟದ ಮಂಜಿನಿಂದ ಇಳಿದು ಬಂದು ಹೀಟರ್ ಹಾಕಿದಾಗ ಹಾರಿದರೆ ಯಾರಿಗೂ ದುಡ್ಡು ಕೊಡಬೇಡಿ. ಲೆನ್ಸ್ ಮೇಲೆ ಹಬೆ ಕೂತಿರುತ್ತದೆ, ಒಂದು ಗಂಟೆ ಬಿಟ್ಟರೆ ತಾನೇ ಆರುತ್ತದೆ.

ಸಿಡಿ ಒರೆಸುವಾಗ ನಾವೆಲ್ಲ ಮಾಡುವ ತಪ್ಪು, ತಟ್ಟೆ ಒರೆಸಿದ ಹಾಗೆ ಗುಂಡಗೆ ಒರೆಸೋದು. ಮಧ್ಯದ ತೂತಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು, ಮೆತ್ತನೆ ಬಟ್ಟೆಯಲ್ಲಿ. ಹಾಗೆ ಸುತ್ತುಗಳಿಗೆ ಅಡ್ಡವಾಗಿ ಗೀರು ಬಿದ್ದರೆ ಪ್ರತಿ ಸುತ್ತಿನಲ್ಲೂ ಚೂರೇ ಹಾಳಾಗುತ್ತದೆ. 2 ಮಿಲಿಮೀಟರಿನಷ್ಟು ಹೋದರೂ ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುತ್ತಿನ ಗುಂಟ ಬಿದ್ದ ಗೀರು ಹಾಗಲ್ಲ, ಒಂದೇ ಕಡೆ ಉದ್ದಕ್ಕೂ ನುಂಗುತ್ತದೆ. ಟೂತ್‌ಪೇಸ್ಟ್ ಉಜ್ಜುವವರಿಗೂ ಇದೇ ಮಾತು, ಮೇಲುಮೇಲಿನ ಗೀರಿಗೆ ಅದು ಕೆಲಸ ಮಾಡುತ್ತೆ, ಆದರೆ ಗುಂಡಗೆ ಉಜ್ಜಿದರೆ ಕೆಟ್ಟಿತು. ನನಗೆ ಆಶ್ಚರ್ಯ ಆದದ್ದು ಇನ್ನೊಂದು. ಹೊಳೆಯುವ ಕಡೆ 1.2 ಮಿಲಿಮೀಟರ್ ಪ್ಲಾಸ್ಟಿಕ್ ಕವಚ ಇದೆ. ಹೆಸರು ಬರೆಯುವ ಕಡೆ ಬರೀ ಮೆರುಗೆಣ್ಣೆಯ ಪದರ, ಅದರ ಕೆಳಗೇ ಹಾಡು. ನಾವು ಅದನ್ನೇ ಕೆಳಗೆ ಮಾಡಿ ಸೀಟಿನ ಮೇಲೆ ಎಸೆಯುತ್ತಿದ್ದೆವು! ಪೇಪರ್ ಸ್ಟಿಕ್ಕರ್ ಅಂಟಿಸಿದ ಸಿಡಿಯಂತೂ ಇಂಥ ಸೆಟ್‌ಗೆ ಹಾಕಲೇಬೇಡಿ. ಬಿಸಿಲಿಗೆ ಗೋಂದು ಸಡಿಲವಾಗಿ ಒಳಗೇ ಕಿತ್ತುಕೊಳ್ಳುತ್ತದೆ.

ಲೆನ್ಸ್ ಒರೆಸಲೇಬೇಕು ಅಂತಾದರೆ ಕರೆಂಟ್ ತೆಗೆದು, ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಕಿವಿ ಬಡ್‌ಗೆ ಹಾಕಿ, ಒತ್ತದೆ, ಒಂದು ಸುತ್ತು. ಒಣ ಬಡ್‌ನಲ್ಲಿ ಇನ್ನೊಂದು ಸುತ್ತು. ಮುಗಿಯಿತು. ತಗಡು ತೆಗೆದಿಟ್ಟು ಸೆಟ್ ಓಡಿಸುತ್ತಾ ಒಳಗೆ ಇಣುಕಬೇಡಿ. ಆ ಲೇಸರ್ 780 ನ್ಯಾನೋಮೀಟರಿನದು, ಕಣ್ಣಿಗೆ ಸರಿಯಾಗಿ ಕಾಣಲ್ಲ, ಕಾಣಲ್ಲ ಅಂತ ಕಣ್ಣನ್ನು ಬಿಡಲ್ಲ. ಮತ್ತೆ ಬ್ಯಾಟರಿ ವೈರ್ ಬಿಚ್ಚುವ ಮೊದಲು ಸೆಟ್ಟಿನ ಕೋಡ್ ಎಲ್ಲಿದೆ ನೋಡಿಕೊಳ್ಳಿ, ಕರೆಂಟ್ ಹೋಗಿ ಬಂದರೆ ಕೆಲವು ಸೆಟ್‌ಗಳು ಅದನ್ನು ಕೇಳುತ್ತವೆ. ನಾನು ನೋಡಿರಲಿಲ್ಲ, ಅದಕ್ಕೆ ಅರ್ಧ ದಿನ ಹೋಯಿತು.

ತಾತನ ಸಿಡಿಯನ್ನು ಮನೆಯ ಹಳೆ ಕಂಪ್ಯೂಟರಿಗೆ ಹಾಕಿದೆ. ಅದು ಗೀರಿನ ಹತ್ತಿರ ಬಂದಾಗ ನಿಂತು, ಮತ್ತೆ ಓದಿ, ಮತ್ತೆ ನಿಂತು, ಇಡೀ ರಾತ್ರಿ ಗುಡುಗುಡು ಅಂತಿತ್ತು. ಬೆಳಗ್ಗೆ ಹೊತ್ತಿಗೆ ಎಲ್ಲ ಪದಗಳೂ ಪೆನ್‌ಡ್ರೈವ್‌ಗೆ ಬಂದಿದ್ದವು, ಗೀರು ಬಿದ್ದ ಅಂಚಿನ ಮಂಗಳ ಒಂದನ್ನು ಬಿಟ್ಟು. ಅದರಲ್ಲಿ 20 ಸೆಕೆಂಡು ಇಲ್ಲ. ಆಗ ಹಂಚಿದ ನಾಲ್ಕೈದು ಪ್ರತಿ ಯಾರ ಹತ್ತಿರ ಇದೆ ಅಂತ ಊರಲ್ಲೆಲ್ಲ ಫೋನ್ ಮಾಡಿ ಕೇಳಿದೆ. ಚಿಂತಾಮಣಿಯಲ್ಲಿರುವ ತಬಲಾ ನುಡಿಸುತ್ತಿದ್ದವರ ಮನೆಯ ಬೀರುವಿನಲ್ಲಿ ಒಂದು ಸಿಕ್ಕಿದೆಯಂತೆ, ಧೂಳು ಹಿಡಿದಿದೆ, ಒರೆಸಿ ಇಟ್ಟಿರ್ತೀವಿ ಅಂದರು. ಬೇಡ ಅಣ್ಣ, ಮುಟ್ಟಬೇಡಿ, ಹಾಗೇ ಇಟ್ಟಿರಿ, ಭಾನುವಾರ ನಾನೇ ಬರ್ತೀನಿ ಅಂದಿದ್ದೇನೆ.